ಸೂರ್ಯ ನಿಂತ ದಿನ ನಾಸಾ ಎಲ್ಲಿತ್ತು?

ಭಾನುವಾರ ನಾವು ಆರಾಧನೆ ಮುಗಿಸಿ, ಮಲ್ಲಣ್ಣ ನಿದ್ದೆ ಮುಗಿಸಿ, ಬೀದರಿನ ಚೌಬಾರಾ ಹತ್ತಿರ ಚಹಾಕ್ಕೆ ಕೂತಿದ್ದೆವು. ಯೇಸಪ್ಪ ಫೋನು ತೆಗೆದ. ಮಾಸ್ತರ ಮುಖ ಆಗಲೇ ಗಂಟಾಯಿತು.

"ಕೇಳ್ರಿ, ನಾಸಾದವರೇ ಒಪ್ಪಿಕೊಂಡಿದ್ದಾರೆ! ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದರೆ ಒಂದು ದಿನ ಕಮ್ಮಿ ಬಿತ್ತಂತೆ. ಬೈಬಲಿನ ಯೆಹೋಶುವ 10ನೇ ಅಧ್ಯಾಯ. ಗಿಬ್ಯೋನಿನ ಮೇಲೆ ಸೂರ್ಯ ನಿಂತನಲ್ಲ, ಅದೇ ದಿನ!"

"ಈ ಕಥೆ ವಾಟ್ಸಾಪಿಗಿಂತ ಹಳೇದು," ಎಂದರು ಮಾಸ್ತರು. "ನಾಸಾದವರು ಇಲ್ಲಪ್ಪಾ ಅಂತ ಯಾವಾಗಲೋ ಹೇಳಿಬಿಟ್ಟಿದ್ದಾರೆ. ಗ್ರಹ ಅವತ್ತು ಎಲ್ಲಿತ್ತು ಅಂತ ಕಂಪ್ಯೂಟರು ಲೆಕ್ಕ ಹಾಕೀತು, ಸರಿ. ಒಂದು ದಿನ ಕಮ್ಮಿ ಅಂತ ಯಾವುದಕ್ಕೆ ತಾಳೆ ನೋಡಿತು? ಯೆಹೋಶುವನ ಮನೆ ಗೋಡೆ ಕ್ಯಾಲೆಂಡರಿಗಾ?"

ಮಲ್ಲಣ್ಣ ಮಿರ್ಚಿ ಬಾಯಲ್ಲಿಟ್ಟುಕೊಂಡೇ ನಕ್ಕ. "ಧರ್ಮ, ವಿಜ್ಞಾನ ಎಣ್ಣೆ ಸೀಗೇಕಾಯಿ ಮಾಸ್ತರ್ರೇ. ಕೊಲಂಬಸ್ ಹಡಗು ಹತ್ತುವವರೆಗೂ ಪಾದ್ರಿಗಳು ಭೂಮಿ ಚಪ್ಪಟೆ ಅಂತಿದ್ದರು."

"ಇದೂ ಫಾರ್ವರ್ಡೇ, ಗುಂಪು ಬೇರೆ ಅಷ್ಟೇ. ಭೂಮಿ ಗುಂಡಗಿದೆ ಅಂತ ಪಾದ್ರಿ ಥಾಮಸ್ ಅಕ್ವೈನಾಸ್ 13ನೇ ಶತಮಾನದಲ್ಲೇ, ಎಲ್ಲರಿಗೂ ಗೊತ್ತಿರುವ ಮಾತಿನ ಹಾಗೆ ಬರೆದಿದ್ದಾನೆ. ಬಿಗ್ ಬ್ಯಾಂಗ್ ಕಥೆ ಕೇಳು. ಜಗತ್ತು ಹಿಗ್ಗುತ್ತಿದೆ ಅಂತ 1927ರಲ್ಲಿ ಬರೆದವನು ಬೆಲ್ಜಿಯಂನ ಪಾದ್ರಿ, ಜಾರ್ಜ್ ಲೆಮೇತ್ರ. ಎಲ್ಲಾ ಒಂದು ಕಣದಿಂದ ಶುರುವಾಯಿತು ಅಂದವನೂ ಅವನೇ. ಅದನ್ನು ಒಪ್ಪದ ನಾಸ್ತಿಕ ವಿಜ್ಞಾನಿ ಫ್ರೆಡ್ ಹಾಯ್ಲ್ 1949ರಲ್ಲಿ ರೇಡಿಯೋದಲ್ಲಿ ಬಿಗ್ ಬ್ಯಾಂಗ್ ಅಂದ. ಕೂಸು ಪಾದ್ರಿಯದು, ತೊಟ್ಟಿಲಿಗೆ ಹಾಕಿ ಹೆಸರಿಟ್ಟವನು ನಾಸ್ತಿಕ."

"ಅಂದ್ರೆ ಇದೇ ಪ್ರೂಫು!" ಯೇಸಪ್ಪ ಟೇಬಲ್ ಗುದ್ದಿದ. ಬಸಿಯಲ್ಲಿದ್ದ ಚಹಾ ಮಲ್ಲಣ್ಣನ ಪ್ಯಾಂಟಿಗೆ ಹೋಯಿತು.

"1951ರಲ್ಲಿ ಪೋಪರೂ ಹೀಗೇ ಖುಷಿಪಟ್ಟರು. ಲೆಮೇತ್ರನಿಗೇ ಅದು ಸರಿಬರಲಿಲ್ಲ. ನಾಳೆ ಲೆಕ್ಕ ಬದಲಾದರೆ ಏನು ಮಾಡೋಣ, ದೇವರನ್ನು ವಾಪಸ್ ಕಳಿಸೋಣವಾ? ನಾನು ಪಿಂಚಣಿದಾರ. ನವೆಂಬರ್ ಬಂದರೆ ಬದುಕಿದ್ದೇನೆ ಅಂತ ಬ್ಯಾಂಕಿಗೆ ಹೋಗಿ ಹೆಬ್ಬೆಟ್ಟು ಒತ್ತಬೇಕು. ದೇವರಿಗೂ ಪಿಂಚಣಿ ನಿಂತಿದೆಯಾ, ನಾಸಾ ಕೈಯಿಂದ ಜೀವನ ಪ್ರಮಾಣಪತ್ರ ತರೋಕೆ?"

ಯೇಸಪ್ಪ ನಗಲಿಲ್ಲ. ಅಂಗಿ ತುದಿಯಿಂದ ಫೋನಿನ ಗಾಜು ಒರೆಸಿದ.

"ಸುಳ್ಳು ಅಂತ ನನಗೂ ಗೊತ್ತು. ಮಗ ಬೆಂಗಳೂರಿನಲ್ಲಿದ್ದಾನಲ್ಲ, ದೇವರಿಲ್ಲ ಅಂತಾನೆ. ಇರಲಿ. ಊಟ ಆಯ್ತಾ ಅಂತ ಕಳಿಸಿದರೆ ಹೆಬ್ಬೆರಳಿನ ಚಿತ್ರ ಒಂದು ಬರುತ್ತೆ. ನಾಸಾದ್ದು ಕಳಿಸಿದರೆ ನೋಡ್ರಿ."

ತೋರಿಸಿದ. ಪರದೆ ತುಂಬಾ ಸಿಟ್ಟು. ತಪ್ಪು ಒಂದು, ತಪ್ಪು ಎರಡು ಅಂತ ಒಂಬತ್ತರವರೆಗೆ. ಮೊದಲ ಸಾಲು: ಅಪ್ಪಾ, ಎಷ್ಟು ಸಲ ಹೇಳಲಿ.

ಮಲ್ಲಣ್ಣ ಮಿರ್ಚಿ ತಟ್ಟೆಗಿಟ್ಟ. ಮಾಸ್ತರು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ಪರೀಕ್ಷೆ ಪೇಪರ್ ಓದುವ ಹಾಗೆ, ನಿಧಾನಕ್ಕೆ.

"ಆರನೇದು ಸ್ವಲ್ಪ ತಪ್ಪಿದೆ. ಉಳಿದದ್ದೆಲ್ಲ ಸರಿ. ಬುದ್ಧಿವಂತ ಹುಡುಗ."

ಫೋನು ವಾಪಸ್ ಕೊಟ್ಟು, ತಮ್ಮದು ತೆಗೆದು ಏನೋ ಹುಡುಕತೊಡಗಿದರು.

"ಕೆಂಪು ಸಮುದ್ರದಲ್ಲಿ ಫರೋಹನ ರಥದ ಚಕ್ರ ಸಿಕ್ಕಿತು ಅಂತ ಒಂದು ಬಂದಿತ್ತು. ಅದೂ ಶುದ್ಧ ಸುಳ್ಳು. ಕಳಿಸಲಾ?"

"ಅದಕ್ಕೆ ಹೋದ ತಿಂಗಳೇ ಬೈಸಿಕೊಂಡಿದ್ದೇನೆ," ಎಂದ ಯೇಸಪ್ಪ. "ಬೇರೆ ಇದ್ದರೆ ನೋಡ್ರಿ."