ಟಾಂಜಾನಿಯಾ ಟ್ರಿಪ್‌ಗೆ ಮಲೇರಿಯಾ ಮಾತ್ರೆ: ಫ್ಯಾಮಿಲಿ ಗ್ರೂಪಿನ ಜಟಾಪಟಿ

ದೊಡ್ಡಪ್ಪ: *ಫಾರ್ವರ್ಡ್* ಮಲೇರಿಯಾ ತಡೆಯುವ ಮಾತ್ರೆ ನುಂಗಿದರೆ ಹುಚ್ಚು ಹಿಡಿಯುತ್ತದೆ! ಅಮೆರಿಕವೇ ಎಚ್ಚರಿಸಿದೆ! ಎಲ್ಲರಿಗೂ ಕಳಿಸಿ 🙏

ಡಾಕ್ಟರ್ ಚಿಕ್ಕಪ್ಪ: ಅರ್ಧ ಸತ್ಯ. ಅದು ಮೆಫ್ಲೋಕ್ವಿನ್ ಅನ್ನೋ ಒಂದು ಮಾತ್ರೆ ಬಗ್ಗೆ ಮಾತ್ರ. 2013ರಲ್ಲಿ ಅಮೆರಿಕದ ಔಷಧ ನಿಯಂತ್ರಕ ಎಫ್‌ಡಿಎ ಅದರ ಲೇಬಲ್‌ಗೆ ಕಪ್ಪು ಚೌಕಟ್ಟಿನ ಎಚ್ಚರಿಕೆ ಹಾಕಿಸ್ತು. ಆತಂಕ, ಭ್ರಮೆ ಬರಬಹುದು. ತಲೆಸುತ್ತು, ಕಿವಿಯೊಳಗಿನ ಗುಂಯ್ ಸದ್ದು ಮಾತ್ರೆ ಬಿಟ್ಟ ಮೇಲೂ ಉಳಿಯಬಹುದು. ಖಿನ್ನತೆ, ಫಿಟ್ಸ್ ಇದ್ದವರಿಗೆ ಕೊಡೋದೇ ಇಲ್ಲ. ಅದಕ್ಕೆ ಉಳಿದ ಮಾತ್ರೆಗಳಿಗೂ ಯಾಕೆ ಬೈಗುಳ?

ದೊಡ್ಡಪ್ಪ: ನಾವು ಮಂಗಳೂರಿನವರು ಮಾರಾಯ, ಮಲೇರಿಯಾ ಹೊಸತಾ? ಬಂದರೆ ಕ್ಲೋರೋಕ್ವಿನ್ ಉಂಟಲ್ಲ.

ಡಾಕ್ಟರ್ ಚಿಕ್ಕಪ್ಪ: ಮಂಗಳೂರಲ್ಲಿ ಹೆಚ್ಚಾಗಿ ವೈವಾಕ್ಸ್ ಅನ್ನೋ ಬಗೆಯ ಮಲೇರಿಯಾ. ಟಾಂಜಾನಿಯಾದಲ್ಲಿ ಹೆಚ್ಚಾಗಿ ಇರೋದು ಫಾಲ್ಸಿಪಾರಮ್ ಬಗೆ, ಕ್ಲೋರೋಕ್ವಿನ್‌ಗೆ ಬಗ್ಗಲ್ಲ, ಮಿದುಳಿಗೂ ಏರಬಹುದು. ಇಲ್ಲಿ ಜ್ವರ ಬಂದುಹೋಗಿದೆ ಅಂತ ಅಲ್ಲಿ ಧೈರ್ಯವಾಗಿರಬೇಡಿ.

ಭಾವ: ಹಾಗಾದ್ರೆ ಮಲೇರಿಯಾ ತಡೆಯೋಕೆ ಡಾಕ್ಸಿಸೈಕ್ಲಿನ್ ತಗೊಳ್ಳೋಣ. ಅಗ್ಗ, ಎಲ್ಲಾ ಕಡೆ ಸಿಗುತ್ತೆ.

ಫಾರ್ಮಸಿ ಅತ್ತಿಗೆ: ಅಗ್ಗ ಹೌದು, ಆದ್ರೆ ಲೆಕ್ಕ ಹಾಕಿ. ಹತ್ತು ದಿನದ ಟ್ರಿಪ್‌ಗೆ 2 ದಿನ ಮುಂಚೆ ಶುರು, ವಾಪಸ್ ಬಂದ ಮೇಲೆ 28 ದಿನ. ದಿನಕ್ಕೊಂದು 100 ಮಿ.ಗ್ರಾಂ., ಒಟ್ಟು 40. ಬಂದ ವಾರಕ್ಕೇ ಜನ ಬಿಟ್ಟುಬಿಡ್ತಾರೆ. ಲಿವರ್‌ನಲ್ಲಿದ್ದ ಮಲೇರಿಯಾ ಪರಾವಲಂಬಿ ಆಮೇಲೆ ರಕ್ತಕ್ಕಿಳಿದಾಗ ತಡೆಯೋಕೆ ಏನೂ ಇರಲ್ಲ. ರಾತ್ರಿ ಒಂದು ಗುಟುಕು ನೀರಲ್ಲಿ ನುಂಗಿ ಮಲಗಿದರೆ ಕ್ಯಾಪ್ಸೂಲ್ ಅನ್ನನಾಳದಲ್ಲೇ ಅಂಟಿ ಕರಗಿ ಹುಣ್ಣು ಮಾಡುತ್ತೆ, ಎಂಜಲು ನುಂಗೋಕೂ ಆಗಲ್ಲ. ಊಟದ ಜೊತೆ, ತುಂಬಿದ ಲೋಟ ನೀರು, ಆಮೇಲೆ ಅರ್ಧ ಗಂಟೆ ನೆಟ್ಟಗೆ ಕೂತಿರಬೇಕು. ಕಬ್ಬಿಣ, ಕ್ಯಾಲ್ಸಿಯಂ, ಆಂಟಾಸಿಡ್ ಜೊತೆಗೆ ಬೇಡ. ಸಫಾರಿ ಬಿಸಿಲಲ್ಲಿ ಚರ್ಮ ಬೇಗ ಸುಡುತ್ತೆ: ಮೊದಲು ಸನ್‌ಸ್ಕ್ರೀನ್, ಅದರ ಮೇಲೆ ಸೊಳ್ಳೆ ಕ್ರೀಮ್. ಬಸುರಿಯರಿಗೂ 8 ವರ್ಷದೊಳಗಿನ ಮಕ್ಕಳಿಗೂ ಬೇಡ.

ಭಾವ: ಇನ್ನೊಂದು ಮಾತ್ರೆ, ಅಟೊವಕ್ವೋನ್-ಪ್ರೊಗ್ವಾನಿಲ್, ತಗೊಂಡ್ರೆ ಜೇಬಿಗೆ ಕತ್ತರಿ 😅

ಫಾರ್ಮಸಿ ಅತ್ತಿಗೆ: ಅದು ಪರಾವಲಂಬಿಯನ್ನ ಲಿವರ್‌ನಲ್ಲೇ ಕೊಲ್ಲುತ್ತೆ. ಇದೂ 2 ದಿನ ಮುಂಚೆ ಶುರು, ದಿನಕ್ಕೊಂದು, ಆದ್ರೆ ಬಂದ ಮೇಲೆ 7 ದಿನ ಸಾಕು, ಒಟ್ಟು 19 ಮಾತ್ರೆ.

ಡಾಕ್ಟರ್ ಚಿಕ್ಕಪ್ಪ: ಅದಕ್ಕೂ ಕಿರಿಕಿರಿ ಉಂಟು, ಹೊಟ್ಟೆನೋವು, ತಲೆನೋವು, ಬಾಯಿಹುಣ್ಣು. ಖಾಲಿ ಹೊಟ್ಟೇಲಿ ತಗೊಂಡ್ರೆ ಅಟೊವಕ್ವೋನ್ ಸರಿಯಾಗಿ ಹೀರಿಕೊಳ್ಳಲ್ಲ, ಹಾಲು ಅಥವಾ ತುಪ್ಪದ ಊಟದ ಜೊತೆ ತಗೊಳ್ಳಿ. ಗಂಟೆಯೊಳಗೆ ವಾಂತಿಯಾದ್ರೆ ಇನ್ನೊಂದು ನುಂಗಿ. ವಾಂತಿಗೆ ಮೆಟೊಕ್ಲೊಪ್ರಮೈಡ್ ಬೇಡ, ಅದು ಅಟೊವಕ್ವೋನ್ ಮಟ್ಟವನ್ನೇ ಇಳಿಸುತ್ತೆ. ಕಿಡ್ನಿ ತೀರಾ ಕೆಟ್ಟಿದ್ರೆ ಈ ಮಾತ್ರೆ ಕೊಡಲ್ಲ.

ಭಾವ: ಅಪ್ಪನೂ ಬರ್ತಿದ್ದಾರೆ, ರಕ್ತ ಹೆಪ್ಪುಗಟ್ಟದಂತೆ ತಡೆಯೋ ವಾರ್ಫರಿನ್ ತಗೋತಾರೆ.

ಡಾಕ್ಟರ್ ಚಿಕ್ಕಪ್ಪ: ಇದನ್ನ ಮೊದಲೇ ಹೇಳಬೇಕಿತ್ತು. ಪ್ರೊಗ್ವಾನಿಲ್ ಆಗಲಿ, ಡಾಕ್ಸಿ ಆಗಲಿ, ವಾರ್ಫರಿನ್ ಪ್ರಭಾವ ಏರಿಸಬಹುದು. ಅವರು ಎರಡು-ಮೂರು ವಾರ ಮುಂಚೆ ಶುರು ಮಾಡಿ, ಹೊರಡೋ ಮೊದಲು ಐಎನ್ಆರ್ (ರಕ್ತ ಹೆಪ್ಪುಗಟ್ಟೋಕೆ ಎಷ್ಟು ಹೊತ್ತು ಬೇಕು ಅನ್ನೋ ರಕ್ತ ಪರೀಕ್ಷೆ) ನೋಡಿಸಬೇಕು. ಮಾತ್ರೆ ನಿಲ್ಲಿಸಿದ ಮೇಲೆ ಇನ್ನೊಮ್ಮೆ.