ಮಗಳು ವೃತ್ತಿಪರ ಎಂಎಂಎ ಪಂದ್ಯಕ್ಕೆ ಇಳಿಯಬೇಕೆನ್ನುತ್ತಿದ್ದಾಳೆ: ತಿಳಿದವರು ದಯವಿಟ್ಟು ದಾರಿ ತೋರಿಸಿ

ಪ್ರಶ್ನೆ (ದಾವಣಗೆರೆಯಿಂದ, ಒಬ್ಬ ತಾಯಿ)

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ ಈಗ 20 ವರ್ಷ. ಹೈಸ್ಕೂಲಿನಿಂದಲೂ ಜೂಡೋ ಆಡುತ್ತಿದ್ದು, 57 ಕೆಜಿ ವರ್ಗದಲ್ಲಿ ರಾಜ್ಯಮಟ್ಟದವರೆಗೆ ಹೋಗಿದ್ದಾಳೆ. ಪದವಿ ಓದಲೆಂದು ಬೆಂಗಳೂರಿಗೆ ಹೋದವಳು ಅಲ್ಲಿನ ಒಂದು ಜಿಮ್‌ನಲ್ಲಿ ಒಂದೂವರೆ ವರ್ಷದಿಂದ ಎಂಎಂಎ, ಅಂದರೆ ಪಂಜರದೊಳಗೆ ಹೊಡೆತ, ಒದೆತ, ಕುಸ್ತಿಯ ಹಿಡಿತ ಎಲ್ಲವನ್ನೂ ಬಳಸಿ ಆಡುವ ಕಾದಾಟದ ಆಟ, ಕಲಿಯುತ್ತಿದ್ದಾಳೆ. ನಮ್ಮ ದೇಶದ ಎಂಎಂಎ ಆಟಗಾರ್ತಿ ಪೂಜಾ ತೋಮರ್ ಅವರು 2024ರಲ್ಲಿ ಅಮೆರಿಕದಲ್ಲಿ ಗೆದ್ದ ಪಂದ್ಯವನ್ನು ಎಷ್ಟು ಬಾರಿ ನೋಡಿದ್ದಾಳೋ ಲೆಕ್ಕವಿಲ್ಲ. ಈಗ ತಾನೂ ಮೊದಲ ವೃತ್ತಿಪರ ಪಂದ್ಯ ಆಡಬೇಕೆಂದು ಪಟ್ಟು ಹಿಡಿದಿದ್ದಾಳೆ.

ಅವಳ ತಂದೆ ಈ ವಿಷಯದಲ್ಲಿ ಮಾತನಾಡುವುದನ್ನೇ ಬಿಟ್ಟಿದ್ದಾರೆ. ಮುಖಕ್ಕೆ ಏನಾದರೂ ಆದರೆ ನಾಳೆ ಮದುವೆಯ ಗತಿಯೇನು ಎಂದು ನೆಂಟರು ಕೇಳುತ್ತಾರೆ. ಆ ಮಾತಿಗೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ, ಆದರೆ ನನಗೂ ಭಯವಿದೆ. ಜಾಂಗ್ ವೇಲಿ ಮತ್ತು ಯೋಆನಾ ಎಂಬಿಬ್ಬರ ಪಂದ್ಯವನ್ನು ಮಗಳೇ ತೋರಿಸಿದಳು. ಪಂದ್ಯ ಮುಗಿಯುವ ಹೊತ್ತಿಗೆ ಯೋಆನಾ ಅವರ ಹಣೆ ಊದಿಕೊಂಡು ಮುಖದ ಗುರುತೇ ಸಿಗದಂತಾಗಿತ್ತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನಾನು ತಿಳಿಯಬೇಕಾಗಿರುವುದು ಇಷ್ಟು. ಹೆಣ್ಣುಮಕ್ಕಳಿಗೆ ಈ ಆಟದಲ್ಲಿ ನಿಯಮಗಳೇನಾದರೂ ಸಡಿಲವಾಗಿವೆಯೇ, ಅಥವಾ ಗಂಡಸರ ನಿಯಮಗಳೇ ಇವರಿಗೂ ಅನ್ವಯಿಸುತ್ತವೆಯೇ? ಜೂಡೋದ ಬಲವೊಂದನ್ನೇ ನಂಬಿ ಇಳಿಯಬಹುದೇ? ಈಗ ಅವಳ ತೂಕ 58 ಕೆಜಿ ಇದ್ದು, ಪಂದ್ಯಕ್ಕೆ 52ಕ್ಕೆ ಇಳಿಸಬೇಕೆಂದು ತರಬೇತುದಾರರು ಹೇಳಿದ್ದಾರಂತೆ. ಅದಕ್ಕಾಗಿ ಈಗಲೇ ಊಟ ಕಡಿಮೆ ಮಾಡಿದ್ದಾಳೆ. ಮೂರು ತಿಂಗಳಿಂದ ಮುಟ್ಟೂ ಆಗಿಲ್ಲ; ಇಷ್ಟು ಕಸರತ್ತು ಮಾಡುವವರಿಗೆ ಅದು ಸಹಜ ಎಂದು ಅವಳೇ ನನಗೆ ಸಮಾಧಾನ ಹೇಳುತ್ತಾಳೆ. ತಿಳಿದವರು ಉತ್ತರಿಸಿದರೆ ಉಪಕಾರವಾಗುತ್ತದೆ.

ಉತ್ತರ 1 (ಬೆಂಗಳೂರು, ಹದಿನೈದು ವರ್ಷಗಳಿಂದ ಈ ಆಟವನ್ನು ಗಮನಿಸುತ್ತಿರುವವರು)

ಮೇಡಂ, ನಿಯಮದ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಹೆಣ್ಣುಮಕ್ಕಳ ಎಂಎಂಎ ಚರಿತ್ರೆಯ ಬಹುಪಾಲು ಅದರಲ್ಲೇ ಅಡಗಿದೆ. ಈ ಆಟದ ಅತಿ ದೊಡ್ಡ ಸಂಸ್ಥೆಯಾದ ಅಮೆರಿಕದ ಯುಎಫ್‌ಸಿಯಲ್ಲಿ ಇಂದು ಗಂಡಸರಿಗೂ ಹೆಂಗಸರಿಗೂ ಒಂದೇ ನಿಯಮ. ಐದು ನಿಮಿಷಗಳ ಮೂರು ಸುತ್ತುಗಳು, ಪ್ರಶಸ್ತಿಯ ಪಂದ್ಯವಾದರೆ ಐದು ಸುತ್ತುಗಳು, ಅದೇ ತೆಳು ಕೈಗವಸು, ಸುತ್ತೊಂದಕ್ಕೆ ಹತ್ತು ಅಂಕಗಳ ಅದೇ ಲೆಕ್ಕ. ಆದರೆ ಈ ಸಮಾನತೆಯನ್ನು ಯಾರೂ ಕರೆದು ಕೊಡಲಿಲ್ಲ. 2007ರಲ್ಲಿ ಜೀನಾ ಕರಾನೋ ಎಂಬ ಆಟಗಾರ್ತಿ ಅಮೆರಿಕದ ಟಿವಿಯಲ್ಲಿ ಆಡಲಾರಂಭಿಸಿದಾಗ ಹೆಂಗಸರಿಗೆ ಮೂರೇ ನಿಮಿಷಗಳ ಸುತ್ತುಗಳಿದ್ದವು. 2009ರ ಆಗಸ್ಟ್ 15ರಂದು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ಅವರು ಬ್ರೆಜಿಲ್‌ನ ಕ್ರಿಸ್ ಸೈಬೋರ್ಗ್ ಅವರನ್ನು ಎದುರಿಸಿದಾಗ ಸುತ್ತಿಗೆ ಐದು ನಿಮಿಷ ಸಿಕ್ಕಿತು. ಆ ರಾತ್ರಿ ಎಲ್ಲ ಪಂದ್ಯಗಳ ನಂತರ, ಮುಖ್ಯ ಪಂದ್ಯವಾಗಿ ನಡೆದದ್ದು ಹೆಂಗಸರ ಪಂದ್ಯ. ಮೊದಲ ಸುತ್ತು ಮುಗಿಯಲು ಒಂದೇ ಒಂದು ಸೆಕೆಂಡು ಉಳಿದಿದ್ದಾಗ ರೆಫರಿ ಮಧ್ಯೆ ಬಂದು ನಿಲ್ಲಿಸಿದರು, ಸೈಬೋರ್ಗ್ ಗೆದ್ದರು.

ಇಷ್ಟಾದರೂ ಯುಎಫ್‌ಸಿಯ ಬಾಗಿಲು ತೆರೆದಿರಲಿಲ್ಲ. ಹೆಂಗಸರು ಯಾವಾಗ ಬರುತ್ತಾರೆ ಎಂದು 2011ರಲ್ಲಿ ಕೇಳಿದಾಗ ಅದರ ಅಧ್ಯಕ್ಷ ಡೇನಾ ವೈಟ್ ಎಂದಿಗೂ ಇಲ್ಲ ಎಂದಿದ್ದರು. ಎರಡೇ ವರ್ಷಗಳಲ್ಲಿ, 2013ರ ಫೆಬ್ರವರಿ 23ರಂದು, ಆನಹೈಮ್ ನಗರದಲ್ಲಿ ರೋಂಡಾ ರೌಸಿ ಮತ್ತು ಲಿಜ್ ಕಾರ್ಮೂಶ್ ಆ ಸಂಸ್ಥೆಯ ಮೊದಲ ಮಹಿಳಾ ಪಂದ್ಯವನ್ನು ಆಡಿದರು, ಅದೂ ಆ ರಾತ್ರಿಯ ಮುಖ್ಯ ಪಂದ್ಯವಾಗಿ. ನಿಮ್ಮ ಮಗಳಿಗೆ ಆ ಪಂದ್ಯ ಖಂಡಿತ ಗೊತ್ತಿರುತ್ತದೆ, ಏಕೆಂದರೆ ರೌಸಿ 2008ರ ಬೀಜಿಂಗ್ ಒಲಿಂಪಿಕ್ಸ್‌ನ ಜೂಡೋದಲ್ಲಿ ಕಂಚು ಗೆದ್ದವರು. ಅಮೆರಿಕದ ಮರೀನ್ ಪಡೆಯಲ್ಲಿ ಸೇವೆ ಸಲ್ಲಿಸಿದ್ದ ಕಾರ್ಮೂಶ್ ಮೊದಲ ಸುತ್ತಿನಲ್ಲೇ ರೌಸಿಯ ಬೆನ್ನೇರಿ, ಕಾಲುಗಳನ್ನು ಸೊಂಟಕ್ಕೆ ಸುತ್ತಿ, ದವಡೆಗೆ ಅಡ್ಡಲಾಗಿ ಕೈ ಹಾಕಿ ಕತ್ತನ್ನು ತಿರುಚಿದರು. ಅಷ್ಟೂ ಹೊತ್ತು ರೌಸಿ ಬೆನ್ನ ಮೇಲಿನ ಭಾರ ಹೊತ್ತು ನಿಂತೇ ಇದ್ದರು. ಆಮೇಲೆ ಅವರನ್ನು ಕೊಡವಿ ಕೆಡವಿ, ತೋಳನ್ನು ಹಿಡಿದು ಆರ್ಮ್‌ಬಾರ್ (ಮೊಣಕೈಯನ್ನು ಹಿಮ್ಮುಖವಾಗಿ ಬಾಗಿಸಿ ಸೋಲೊಪ್ಪಿಸುವ ಪಟ್ಟು) ಹಾಕಿ, 4 ನಿಮಿಷ 49 ಸೆಕೆಂಡಿಗೆ ಪಂದ್ಯ ಮುಗಿಸಿದರು. ನಾನು ಹೇಳಿದ ಈ ಎರಡೂ ಪಂದ್ಯಗಳು ಮುಗಿದದ್ದು ಐದನೆಯ ನಿಮಿಷದಲ್ಲಿ, ಅಂದರೆ ಹೆಂಗಸರಿಗೆ ಅಷ್ಟು ಹೊತ್ತು ಬೇಡವೆಂದು ಹಿಂದೆ ಕತ್ತರಿಸಿದ್ದ ಅವಧಿಯಲ್ಲಿ, ಎಂಬುದನ್ನು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಜೂಡೋ ಒಂದೇ ಸಾಕೇ ಎಂದಿರಿ. ಅದಕ್ಕೂ ರೌಸಿಯವರ ಬದುಕಿನಲ್ಲೇ ಉತ್ತರವಿದೆ. ಸಾಲುಸಾಲಾಗಿ ಗೆದ್ದು ಬಂದ ಅವರನ್ನು 2015ರ ನವೆಂಬರ್‌ನಲ್ಲಿ ಮೆಲ್ಬರ್ನ್‌ನಲ್ಲಿ 56,214 ಜನರ ಎದುರು ಹಾಲಿ ಹೋಮ್ ಸೋಲಿಸಿದರು. ಹೋಮ್ ಬಾಕ್ಸಿಂಗ್‌ನಲ್ಲಿ ವಿಶ್ವ ಚಾಂಪಿಯನ್ ಆಗಿದ್ದವರು. ರೌಸಿ ಹಿಡಿಯಲು ನುಗ್ಗಿದಾಗಲೆಲ್ಲ ಹೋಮ್ ಪಕ್ಕಕ್ಕೆ ಸರಿದು ಎಡಗೈಯಿಂದ ಹೊಡೆಯುತ್ತಿದ್ದರು. ಎರಡನೆಯ ಸುತ್ತಿನಲ್ಲಿ ಎಡಗಾಲಿನ ಒದೆತ ಕತ್ತಿಗೆ ಬಿದ್ದು ರೌಸಿ ಕುಸಿದರು. ಹಿಡಿತ ಬಲ್ಲವಳಿಗೆ ಹಿಡಿಯುವಷ್ಟು ಹತ್ತಿರ ಹೋಗುವ ದಾರಿಯೂ ಗೊತ್ತಿರಬೇಕು. ಒಂದೂವರೆ ವರ್ಷದಲ್ಲಿ ನಿಮ್ಮ ಮಗಳು ಅದನ್ನು ಎಷ್ಟರಮಟ್ಟಿಗೆ ಕಲಿತಿದ್ದಾಳೆ ಎಂದು ತರಬೇತುದಾರರನ್ನು ನೇರವಾಗಿಯೇ ಕೇಳಿ.

ಉತ್ತರ 2 (ಮೈಸೂರು, ಗರಡಿಯಲ್ಲಿ ಬೆಳೆದ ಹಿರಿಯರು)

ತಾಯಿ, ನಾನು ಮಟ್ಟಿಯ ಮಣ್ಣಿನಲ್ಲಿ ಬೆಳೆದವನು. ಪಂಜರದ ಆಟವನ್ನು ಮೊಮ್ಮಗನ ಜೊತೆ ಕುಳಿತು ನೋಡಲಾರಂಭಿಸಿದ್ದು ಈಚೆಗೆ. ನಮ್ಮ ಕಾಲದಲ್ಲಿ ಹೆಣ್ಣುಮಕ್ಕಳು ಗರಡಿಯ ಹೊಸ್ತಿಲು ದಾಟುವಂತಿರಲಿಲ್ಲ. ಈಗ ದಸರಾ ಕುಸ್ತಿಯಲ್ಲಿ ಹೆಣ್ಣುಮಕ್ಕಳ ಜೋಡಿ ನೋಡಲು ಜನ ಕಾದು ಕುಳಿತಿರುತ್ತಾರೆ. ಹಾಗಾಗಿ ಹೆಣ್ಣಿಗೆ ಇದು ತಕ್ಕುದೇ ಎಂಬ ಚರ್ಚೆಯಲ್ಲಿ ನನಗೆ ಆಸಕ್ತಿಯಿಲ್ಲ. ಪಟ್ಟಿನ ವಿಷಯ ಮಾತ್ರ ಹೇಳುತ್ತೇನೆ.

ರಿತು ಫೋಗಟ್ ಹರಿಯಾಣದ ಬಲಾಲಿ ಊರಿನ ಕುಸ್ತಿ ಮನೆತನದ ಮಗಳು. 2019ರಲ್ಲಿ ಚಾಪೆ ಬಿಟ್ಟು ಏಷ್ಯಾದ ಎಂಎಂಎ ಸಂಸ್ಥೆ ಒನ್ ಚಾಂಪಿಯನ್‌ಶಿಪ್ ಸೇರಿದರು, 2021ರ ಡಿಸೆಂಬರ್‌ನಲ್ಲಿ ಸಿಂಗಪುರದಲ್ಲಿ ಗ್ರ್ಯಾಂಡ್ ಪ್ರಿ ಫೈನಲ್‌ವರೆಗೂ ಬಂದರು. ಎದುರಾಳಿ ಥಾಯ್ಲೆಂಡಿನ ಸ್ಟ್ಯಾಂಪ್ ಫೇರ್‌ಟೆಕ್ಸ್, ಹೊಡೆತ-ಒದೆತಗಳ ಥಾಯ್ ಆಟವಾದ ಮುಯ್‌ಥಾಯ್‌ನಲ್ಲಿ ಚಾಂಪಿಯನ್ ಆಗಿದ್ದ ಹುಡುಗಿ. ಅವಳನ್ನು ನೆಲಕ್ಕೆ ಕೆಡವಿದರೆ ರಿತು ಗೆದ್ದಂತೆಯೇ ಎಂದು ನಾನು ಮೊಮ್ಮಗನಿಗೆ ಹೇಳಿದ್ದೆ. ರಿತು ಕೆಡವಿದರು ಕೂಡ. ನಮ್ಮ ಕುಸ್ತಿಯಲ್ಲಿ ಬೆನ್ನು ನೆಲಕ್ಕೆ ತಾಗಿದರೆ ಚಿತ್, ಆಟ ಮುಗಿಯಿತು. ಅಲ್ಲಿ ಬೆನ್ನು ತಾಗಿದ ಮೇಲೆ ಇನ್ನೊಂದು ಆಟ ಶುರುವಾಗುತ್ತದೆ. ಸ್ಟ್ಯಾಂಪ್ ಎರಡನೆಯ ಸುತ್ತಿನಲ್ಲಿ ಕೆಳಗೆ ಮಲಗಿದ್ದಲ್ಲಿಂದಲೇ ರಿತುವಿನ ತೋಳನ್ನು ಕಾಲುಗಳ ನಡುವೆ ಸಿಕ್ಕಿಸಿಕೊಂಡು ಆರ್ಮ್‌ಬಾರ್ ಹಾಕಿದಳು. ಕುಸ್ತಿಯ ಮಗಳು ನೆಲದ ಮೇಲೆಯೇ ಸೋತರು. ಒದೆಯುವುದನ್ನು ಬಿಟ್ಟರೆ ಇನ್ನೇನೂ ಬಾರದೆಂದು ನಾನು ಎಣಿಸಿದ್ದವಳು ಮರುಪಟ್ಟು ಕಲಿತು ಬಂದಿದ್ದಳು.

ಪೂಜಾ ತೋಮರ್ ಅವರದೂ ಇದೇ ಪಾಠ. ಉತ್ತರ ಪ್ರದೇಶದ ಮುಜಫ್ಫರ್‌ನಗರದ ಕಡೆಯವರು, ಚೀನಾದ ಸಮರಕಲೆ ವುಷು ಆಡಿ ಬಂದವರು. 2024ರ ಜೂನ್ 8ರಂದು ಲೂಯಿವಿಲ್‌ನಲ್ಲಿ ಬ್ರೆಜಿಲ್‌ನ ರಾಯಾನೆ ದೋಸ್ ಸಾಂಟೋಸ್ ಅವರನ್ನು ಸೋಲಿಸಿ, ಯುಎಫ್‌ಸಿಯಲ್ಲಿ ಗೆದ್ದ ಮೊದಲ ಭಾರತೀಯ ಮಹಿಳೆಯಾದರು. ಒಬ್ಬ ತೀರ್ಪುಗಾರ 30–27 ಎಂದು ಇವರ ಪರ, ಇನ್ನೊಬ್ಬರು ಅಷ್ಟೇ ಅಂಕಗಳನ್ನು ಎದುರಾಳಿಯ ಪರ, ಮೂರನೆಯವರು 29–28 ಎಂದು ಇವರ ಪರ ಬರೆದರು. ಒಂದೇ ಪಂದ್ಯವನ್ನು ಮೂರು ಜೊತೆ ಕಣ್ಣುಗಳು ಹಾಗೆ ನೋಡಿದವು. ಮುಂದಿನ ಪಂದ್ಯ 2025ರ ಮಾರ್ಚ್‌ನಲ್ಲಿ ಲಂಡನ್‌ನಲ್ಲಿ; ಐರ್ಲೆಂಡಿನ ಶಾನಾ ಬ್ಯಾನನ್ ಅವರು ಎರಡನೆಯ ಸುತ್ತಿನಲ್ಲಿ ಆರ್ಮ್‌ಬಾರ್ ಹಾಕಿ ಗೆದ್ದರು. ನಿಮ್ಮ ಮಗಳಿಗೆ ಮೊದಲ ಪಂದ್ಯದ ಜೊತೆಗೆ ಎರಡನೆಯದನ್ನೂ ಅಷ್ಟೇ ಸಲ ನೋಡಲು ಹೇಳಿ. ಜೂಡೋದವಳಾದ್ದರಿಂದ ತೋಳು ಎಲ್ಲಿ ತಪ್ಪಿತು ಎಂಬುದು ಅವಳ ಕಣ್ಣಿಗೆ ಬೇಗ ಬೀಳುತ್ತದೆ.

ಮತ್ತೊಂದು ಮಾತು. ದಸರಾಕ್ಕೆ ಮುಂಚೆ ನಮ್ಮಲ್ಲಿ ಜೋಡಿ ಕಟ್ಟುತ್ತಾರೆ. ಹಿರಿಯ ಪೈಲ್ವಾನರು ಕುಳಿತು, ತೂಕ, ವಯಸ್ಸು, ತಾಲೀಮು ನೋಡಿ, ಯಾರಿಗೆ ಯಾರು ಜೋಡಿ ಎಂದು ತೀರ್ಮಾನಿಸುತ್ತಾರೆ. ಸಮನಲ್ಲದ ಜೋಡಿ ಕಟ್ಟುವುದು ಉಸ್ತಾದನಿಗೆ ಅವಮಾನ. ಮಗಳ ಮೊದಲ ಪಂದ್ಯದ ಎದುರಾಳಿ ಯಾರು, ಅವಳು ಈವರೆಗೆ ಎಷ್ಟು ಆಡಿದ್ದಾಳೆ ಎಂಬುದು ಗೊತ್ತಾಗದೆ ಒಪ್ಪಂದಕ್ಕೆ ಸಹಿ ಹಾಕಬಾರದು. ಹೆಣ್ಣು ಸ್ಪರ್ಧಿಗಳು ಕಡಿಮೆಯಿರುವ ಕಡೆ, ಸಿಕ್ಕವರನ್ನು ಸಿಕ್ಕವರ ಎದುರು ನಿಲ್ಲಿಸುವ ಆತುರ ಇದ್ದೇ ಇರುತ್ತದೆ.

ಉತ್ತರ 3 (ಹುಬ್ಬಳ್ಳಿ, ಕ್ರೀಡಾ ಫಿಜಿಯೋಥೆರಪಿಸ್ಟ್)

ಅಕ್ಕಾ, ನೀವು ಕೊನೆಯಲ್ಲಿ ಬರೆದ ಎರಡು ವಾಕ್ಯಗಳನ್ನು ಓದಿ ನನಗೆ ಆತಂಕವಾಯಿತು. ಉಳಿದೆಲ್ಲಕ್ಕಿಂತ ಮೊದಲು ಅದರ ಬಗ್ಗೆ ಹೇಳಬೇಕು.

ಮೂರು ತಿಂಗಳು ಮುಟ್ಟು ನಿಂತಿರುವುದು ಕಸರತ್ತು ಮಾಡುವವರಿಗೆ ಸಹಜವಲ್ಲ. ಪಳಗಿದ ಆಟಗಾರ್ತಿಯರಲ್ಲಿ ಇದು ಆಗಾಗ ಕಾಣುತ್ತದೆ ನಿಜ, ಆದರೆ ಆಗಾಗ ಕಾಣುವುದೆಲ್ಲ ಸರಿಯಿದೆ ಎಂದರ್ಥವಲ್ಲ. ತಾಲೀಮಿಗೆ ಖರ್ಚಾಗುವಷ್ಟು ಊಟ ಒಳಗೆ ಹೋಗದಿದ್ದಾಗ ದೇಹವು ಉಸಿರಾಟ, ರಕ್ತಸಂಚಾರದಂಥ ತುರ್ತು ಕೆಲಸಗಳನ್ನು ಉಳಿಸಿಕೊಂಡು, ಮುಟ್ಟಿನಂಥ ಕೆಲಸಗಳನ್ನು ನಿಲ್ಲಿಸುತ್ತದೆ. ಆಗ ಈಸ್ಟ್ರೋಜನ್ ಹಾರ್ಮೋನು ಇಳಿಯುತ್ತದೆ, ಮೂಳೆಗಳು ಸಾಂದ್ರತೆ ಕಳೆದುಕೊಳ್ಳುತ್ತವೆ. ಮೂಳೆ ಗಟ್ಟಿಯಾಗಬೇಕಾದ ಈ ವಯಸ್ಸಿನಲ್ಲಿ ಆದ ನಷ್ಟವನ್ನು ಆಮೇಲೆ ಪೂರ್ತಿ ತುಂಬಿಕೊಳ್ಳುವುದು ಕಷ್ಟ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ತಜ್ಞರು 2014ರಿಂದ ಈ ಸ್ಥಿತಿಗೆ ಪ್ರತ್ಯೇಕ ಹೆಸರನ್ನೇ ಕೊಟ್ಟು ಎಚ್ಚರಿಸುತ್ತಿದ್ದಾರೆ. ಥೈರಾಯ್ಡ್ ಮುಂತಾದ ಬೇರೆ ಕಾರಣಗಳೂ ಇರಬಹುದಾದ್ದರಿಂದ ಈ ವಾರವೇ ಸ್ತ್ರೀರೋಗ ತಜ್ಞರನ್ನು ಕಾಣಿ.

ಇನ್ನು ತೂಕ. ತರಬೇತುದಾರರು 52 ಎಂದಿರುವುದು 115 ಪೌಂಡಿನ ಸ್ಟ್ರಾವೇಟ್ ವರ್ಗ, ಲೆಕ್ಕ ಹಾಕಿದರೆ 52.2 ಕೆಜಿ. ಅದರ ಮೇಲಿನದು 125 ಪೌಂಡಿನ ಫ್ಲೈವೇಟ್, ಅಂದರೆ 56.7 ಕೆಜಿ. ಜೂಡೋದಲ್ಲಿ 57ರಲ್ಲಿ ಆಡುತ್ತಿದ್ದ, ಈಗ 58 ಇರುವ ಹುಡುಗಿ ಸಹಜವಾಗಿ ಸೇರುವುದು ಫ್ಲೈವೇಟ್‌ಗೆ. ಕೆಳಗಿನ ವರ್ಗದಲ್ಲಿ ತಾನೇ ದೊಡ್ಡವಳಾಗಿರುತ್ತಾಳೆ ಎಂಬುದು ತೂಕ ಇಳಿಸುವವರ ಲೆಕ್ಕಾಚಾರ. ಹಿಂದಿನ ದಿನ ತೂಕ ನೋಡುತ್ತಾರೆ. ಅದಕ್ಕೆ ಮುಂಚೆ ಉಪ್ಪು, ಅನ್ನ, ನೀರು ಬಿಟ್ಟು, ಬಿಸಿನೀರಿನ ತೊಟ್ಟಿಯಲ್ಲಿ ಕುಳಿತು, ಮೈ ಬೆವರಿಸಿ ಕೆಲವು ಕಿಲೋ ನೀರನ್ನು ಹೊರಹಾಕುತ್ತಾರೆ. ತೂಕ ಮುಗಿದೊಡನೆ ಕುಡಿದು ತಿಂದು ತುಂಬಿಕೊಳ್ಳುತ್ತಾರೆ. ನೋಡುವವರಿಗೆ ಪಂಜರದ ಪೆಟ್ಟು ಕಾಣುತ್ತದೆ, ಹೋಟೆಲಿನ ಕೋಣೆಯಲ್ಲಿ ನಡೆಯುವ ಈ ಬವಣೆ ಕಾಣುವುದಿಲ್ಲ. 2015ರ ಡಿಸೆಂಬರ್‌ನಲ್ಲಿ ಚೀನಾದ ಯಾಂಗ್ ಜಿಯಾನ್‌ಬಿಂಗ್ ಎಂಬ 21 ವರ್ಷದ ಯುವಕ ಪಂದ್ಯಕ್ಕೆ ತೂಕ ಇಳಿಸುತ್ತಿದ್ದಾಗಲೇ ಕುಸಿದು ಮನಿಲಾದಲ್ಲಿ ತೀರಿಕೊಂಡ. ಆ ಪಂದ್ಯ ಏರ್ಪಡಿಸಿದ್ದ ಒನ್ ಚಾಂಪಿಯನ್‌ಶಿಪ್, ಅದಾದ ಮೇಲೆ ಮೈಯಲ್ಲಿ ಸಾಕಷ್ಟು ನೀರಿದೆಯೇ ಎಂದು ಮೂತ್ರ ಪರೀಕ್ಷೆ ಮಾಡುವ ಪದ್ಧತಿಯನ್ನು ತಂದಿತು.

ಯೋಆನಾ ಅವರ ಹಣೆಯ ಬಗ್ಗೆ. 2020ರ ಮಾರ್ಚ್‌ನಲ್ಲಿ ನಡೆದ ಆ ಪಂದ್ಯ ಐದೂ ಸುತ್ತು, 25 ನಿಮಿಷ ಹೋಗಿ, ಒಬ್ಬ ತೀರ್ಪುಗಾರರ ಭಿನ್ನಮತದ ನಡುವೆ ಜಾಂಗ್ ಗೆದ್ದರು. ಆ ಊತ ಚರ್ಮದ ಕೆಳಗೆ ಸೇರಿಕೊಂಡ ರಕ್ತ. ನೋಡಲು ಭಯಂಕರ, ಆದರೆ ತಲೆಬುರುಡೆಯ ಹೊರಗಿನದು. ನೀವು ಭಯಪಡಬೇಕಾದದ್ದು ಕಣ್ಣಿಗೆ ಕಾಣದ ಪೆಟ್ಟಿಗೆ. ಪಂದ್ಯ ವರ್ಷಕ್ಕೆ ಎರಡೋ ಮೂರೋ ಇರುತ್ತವೆ, ಜಿಮ್‌ನ ಸ್ಪಾರಿಂಗ್ (ಜೊತೆಗಾರರೊಂದಿಗೆ ಅಭ್ಯಾಸದ ಹೊಡೆದಾಟ) ವಾರ ವಾರ ಇರುತ್ತದೆ. ವಾರಕ್ಕೆ ಎಷ್ಟು ದಿನ ತಲೆಗೆ ಹೊಡೆದುಕೊಳ್ಳುತ್ತಾರೆ, ಎಷ್ಟು ಜೋರಾಗಿ, ತಲೆ ಸುತ್ತು ಬಂದವಳನ್ನು ಎಷ್ಟು ದಿನ ಹೊರಗಿಡುತ್ತಾರೆ, ಹುಡುಗಿಯರು ಕಡಿಮೆಯಿದ್ದಾರೆಂದು 70 ಕೆಜಿ ಹುಡುಗನ ಜೊತೆ ಬಿಡುತ್ತಾರೆಯೇ ಎಂದು ವಿಚಾರಿಸಿ. ನನ್ನ ಬಳಿ ಬರುವ ಹುಡುಗಿಯರಲ್ಲಿ ಪಂದ್ಯದಲ್ಲಿ ಗಾಯವಾದವರಿಗಿಂತ ತಾಲೀಮಿನಲ್ಲಿ ಗಾಯವಾದವರೇ ಹೆಚ್ಚು.

ಅವಳನ್ನು ಬಿಡಿಸಬೇಡಿ ಅಕ್ಕಾ. ಊಟ ಬಿಡಿಸಿದವರನ್ನು ಪ್ರಶ್ನಿಸಿ.

ಪ್ರಶ್ನೆ ಕೇಳಿದ ತಾಯಿಯ ಮರುಮಾತು, ಹತ್ತು ದಿನಗಳ ನಂತರ

ಮೂವರಿಗೂ ನಾನು ಋಣಿ. ಮಗಳನ್ನು ಊರಿಗೆ ಕರೆಸಿಕೊಂಡು ಡಾಕ್ಟರ ಬಳಿ ಹೋಗಿ ಬಂದೆವು. ರಕ್ತ ಪರೀಕ್ಷೆಗಳಾಗಿವೆ, ಥೈರಾಯ್ಡ್ ಸರಿಯಿದೆ, ಊಟ ಸಾಲದೆ ಹೀಗಾಗಿದೆ ಎಂದರು. ಡಾಕ್ಟರು ಹೇಳಿದಾಗ ಸುಮ್ಮನಿದ್ದವಳು, ಇಲ್ಲಿನ ಮೂರನೆಯ ಉತ್ತರವನ್ನು ನಾನು ಓದಿ ಹೇಳಿದಾಗ ಫೋನನ್ನು ಕೈಗೆ ತೆಗೆದುಕೊಂಡು ತಾನೇ ಇನ್ನೊಮ್ಮೆ ಓದಿದಳು.

ತರಬೇತುದಾರರಿಗೆ ಅವಳೇ ಕರೆ ಮಾಡಿ 125 ಪೌಂಡಿನಲ್ಲಿ ಆಡುತ್ತೇನೆಂದು ಹೇಳಿದಳು. ಆ ತೂಕದಲ್ಲಿ ಸದ್ಯಕ್ಕೆ ಎದುರಾಳಿಯಿಲ್ಲ, ಐದಾರು ತಿಂಗಳು ಕಾಯಬೇಕಾಗಬಹುದು ಎಂದರಂತೆ. ಕಾಯುತ್ತೇನೆ ಎಂದಿದ್ದಾಳೆ. ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದಾಗ ಅವಳ ತಂದೆ ಅಡುಗೆಮನೆಗೆ ಬಂದು, ಇವಳಿಗೆ ಎಷ್ಟು ಹಾಕುತ್ತೀಯ ಎಂದು ಕೇಳಿದರು. ಈ ವಿಷಯದಲ್ಲಿ ಅವರು ತಿಂಗಳುಗಳ ನಂತರ ಆಡಿದ ಮೊದಲ ಮಾತು ಅದು.

ಮೈಸೂರಿನ ಹಿರಿಯರಲ್ಲಿ ಒಂದು ವಿನಂತಿ. ಲಂಡನ್ ಪಂದ್ಯವನ್ನು ನೀವು ಹೇಳಿದಂತೆ ನೋಡಿದ ಮೇಲೆ ಅವಳಿಗೆ ಏನೇನೋ ಪ್ರಶ್ನೆಗಳು ಎದ್ದಿವೆ. ರಜೆಯಲ್ಲಿ ಮೈಸೂರಿಗೆ ಕರೆತಂದರೆ, ಹೆಣ್ಣುಮಕ್ಕಳಿಗೆ ತಾಲೀಮು ಕೊಡುವ ಗರಡಿ ಯಾವುದಿದೆ ಎಂದು ತಿಳಿಸುವಿರಾ?