ಆಯುರ್ವೇದ ಶುರು ಮಾಡುವುದು ಯಾವ ಡಬ್ಬಿಯಿಂದ?

ಹೊಸಬ:
ವಯಸ್ಸು 34. ದೊಡ್ಡ ಕಾಯಿಲೆ ಏನೂ ಇಲ್ಲ. ರಾತ್ರಿ ಊಟ ಆದಮೇಲೆ ಹೊಟ್ಟೆ ಉಬ್ಬರ, ಬೇಗ ನಿದ್ದೆ ಬರುವುದಿಲ್ಲ, ಅಷ್ಟೇ. ನೆಟ್‌ನಲ್ಲಿ ಒಂದು ಪ್ರಶ್ನಾವಳಿ ತುಂಬಿದೆ, ಆಯುರ್ವೇದದ ಮೂರು ದೋಷಗಳಾದ ವಾತ, ಪಿತ್ತ, ಕಫದಲ್ಲಿ ನನ್ನದು ವಾತ ಪ್ರಕೃತಿ ಅಂತು. ಮುಂದಿನ ವಾರ ಇನ್ನೊಂದು ಕಡೆ ತುಂಬಿದರೆ ಪಿತ್ತ! ಈ ಮಧ್ಯೆ ತ್ರಿಫಲ, ಅಶ್ವಗಂಧ, ಯಾರೋ ಹೇಳಿದರು ಅಂತ ಇನ್ನೆರಡು ಚೂರ್ಣ ತಂದಿಟ್ಟಿದ್ದೇನೆ. ಒಂದನ್ನೂ ತೆರೆದಿಲ್ಲ. ಯಾವುದರಿಂದ ಶುರು ಮಾಡಲಿ?

ಅರೆಹೊಟ್ಟೆ:
ಯಾವುದರಿಂದಲೂ ಬೇಡ, ಡಬ್ಬಿ ಮುಚ್ಚೇ ಇರಲಿ. ಆಯುರ್ವೇದದ ಹಳೆಯ ಗ್ರಂಥ, ವಾಗ್ಭಟನ ಅಷ್ಟಾಂಗ ಹೃದಯ ತೆರೆದರೆ ಎರಡನೇ ಅಧ್ಯಾಯವೇ ದಿನಚರ್ಯೆ. ಏಳುವುದು, ಹಲ್ಲುಜ್ಜುವುದು, ಎಣ್ಣೆ ಹಚ್ಚುವುದು, ಸ್ನಾನ, ಇಂಥವೇ. ಊಟದ ವಿಷಯಕ್ಕೆ ಅದೇ ಗ್ರಂಥದಲ್ಲಿ ಮುಂದೆ ಒಂದು ಲೆಕ್ಕ ಇದೆ: ಹೊಟ್ಟೆಯನ್ನು ನಾಲ್ಕು ಭಾಗ ಅಂದುಕೊಳ್ಳಿ, ಎರಡು ಭಾಗ ಗಟ್ಟಿ ಆಹಾರ, ಒಂದು ಭಾಗ ನೀರಿನಂಥದ್ದು, ಒಂದು ಭಾಗ ಖಾಲಿ. ನಾನು ಆ ಖಾಲಿ ಭಾಗ ಬಿಡುವುದನ್ನೇ ಕಲಿತಿರಲಿಲ್ಲ. ರಾತ್ರಿ 10ಕ್ಕೆ ಮಾಡುತ್ತಿದ್ದ ಊಟವನ್ನು 7.30ಕ್ಕೆ ತಂದೆ, ಇನ್ನೂ ಸ್ವಲ್ಪ ಬೇಕು ಅನ್ನಿಸುವಾಗಲೇ ಏಳುತ್ತಿದ್ದೆ, ಎರಡು ವಾರದಲ್ಲಿ ಉಬ್ಬರ ಮುಕ್ಕಾಲು ಇಳಿಯಿತು. ನನ್ನ ಅನುಭವ ಮಾತ್ರ, ನಿಮಗೂ ಹಾಗೇ ಆಗುತ್ತದೆ ಅಂತ ಬರೆದುಕೊಡಲಾರೆ.

ಮೈಗೆಲ್ಲ ಎಣ್ಣೆ ಹಚ್ಚಲು ಪುರುಸೊತ್ತಿಲ್ಲದಿದ್ದರೆ ತಲೆ, ಕಿವಿ, ಅಂಗಾಲು ಸಾಕು. ಅಜೀರ್ಣ ಇದ್ದಾಗ ಹಚ್ಚಬೇಡಿ ಅಂತಲೂ ಅಲ್ಲೇ ಇದೆ, ವಿಡಿಯೋದವರು ಅದನ್ನು ಹೇಳುವುದೇ ಇಲ್ಲ.

ಕಷಾಯ:
ನಾನು ಬಿ.ಎ.ಎಂ.ಎಸ್. (ಆಯುರ್ವೇದ ವೈದ್ಯ ಪದವಿ) ಮಾಡಿ ರೋಗಿಗಳನ್ನು ನೋಡುತ್ತಿರುವವಳು. ಪ್ರಕೃತಿ ಅಂದರೆ ಹುಟ್ಟಿನಿಂದ ಬಂದದ್ದು, ವಿಕೃತಿ ಅಂದರೆ ಈಗ ಏರುಪೇರಾಗಿರುವುದು. ಪ್ರಶ್ನಾವಳಿಯಲ್ಲಿ "ನಿದ್ದೆ ಹೇಗಿದೆ" ಅಂತ ಕೇಳಿದರೆ ನೀವು ಹೋದ ತಿಂಗಳ ನಿದ್ದೆ ಬರೆಯುತ್ತೀರಿ, ಅಲ್ವಾ? ಎರಡೂ ಕಲಸಿಹೋಗುತ್ತದೆ. ಅದಕ್ಕೇ ವಾರಕ್ಕೊಂದು ಉತ್ತರ. ಅದಿರಲಿ, ಬೇರೆ ಮಾತ್ರೆ ಏನಾದರೂ ನಡೀತಿದೆಯಾ?

ಹೊಸಬ:
ಥೈರಾಯ್ಡ್ ಕಮ್ಮಿ ಇದೆ ಅಂತ 5 ವರ್ಷದಿಂದ ದಿನಾ ಒಂದು ಮಾತ್ರೆ. ಅದನ್ನು ಕಾಯಿಲೆ ಅಂತ ಲೆಕ್ಕಕ್ಕೇ ಹಿಡಿದಿರಲಿಲ್ಲ.

ಕಷಾಯ:
ನೋಡಿ, ಅದಕ್ಕೇ ಕೇಳಿದ್ದು. ಅಶ್ವಗಂಧ ಕೆಲವರಲ್ಲಿ ಥೈರಾಯ್ಡ್ ಹಾರ್ಮೋನನ್ನು ಏರಿಸುತ್ತದೆ, ಆಗ ನಿಮ್ಮ ಮಾತ್ರೆಯ ಲೆಕ್ಕ ತಪ್ಪುತ್ತದೆ. ಅಪರೂಪಕ್ಕೆ ಲಿವರ್‌ಗೆ ಪೆಟ್ಟು ಬಿದ್ದದ್ದೂ ಇದೆ. ಗರ್ಭಿಣಿಯರಂತೂ ಮುಟ್ಟಲೇಬಾರದು. ತ್ರಿಫಲ ಅಂದರೆ ಅಳಲೆ, ತಾರೆ, ನೆಲ್ಲಿ, ಅಷ್ಟು ಜೋರಲ್ಲ, ಆದರೆ ಜಾಸ್ತಿಯಾದರೆ ಭೇದಿ. ಹೊಟ್ಟೆ ಉಬ್ಬರ ಥೈರಾಯ್ಡ್ ಕಮ್ಮಿಯಾದಾಗಲೂ ಬರುತ್ತದೆ, ಕೊನೆಯ ಸಲ ಟಿ.ಎಸ್.ಎಚ್., ಅಂದರೆ ಥೈರಾಯ್ಡ್‌ನ ರಕ್ತಪರೀಕ್ಷೆ, ಯಾವಾಗ ಮಾಡಿಸಿದಿರಿ? ಮೊದಲು ಅದು. ಮಾತ್ರೆ ಮಾತ್ರ ನೀವಾಗೇ ನಿಲ್ಲಿಸಬೇಡಿ. ಯಾವ ವೈದ್ಯರ ಹತ್ತಿರ ಹೋದರೂ ತಗೊಳ್ಳುತ್ತಿರುವುದೆಲ್ಲ ಹೇಳಿ.

ಅನುಮಾನ:
ವಾತ ಪಿತ್ತ ಕಫ ನಾನು ನಂಬುವವನಲ್ಲ, ಹೊತ್ತಿಗೆ ಸರಿಯಾಗಿ ಹಿತವಾಗಿ ಉಣ್ಣಿ ಅನ್ನುವುದಕ್ಕೆ ತಕರಾರೂ ಇಲ್ಲ. ನನ್ನ ತಕರಾರು ಡಬ್ಬಿಗಳ ಮೇಲೆ. 2004ರಲ್ಲಿ ಪ್ರಕಟವಾದ ಒಂದು ಅಧ್ಯಯನಕ್ಕೆ ಅಮೆರಿಕದ ಬಾಸ್ಟನ್ ಸುತ್ತಮುತ್ತ ಅಂಗಡಿಗಳಿಂದ 70 ಆಯುರ್ವೇದ ಉತ್ಪನ್ನ ತಂದು ಪರೀಕ್ಷೆ ಮಾಡಿದರು, 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತು. ಲೋಹ, ಖನಿಜ ಸೇರಿಸಿ ಮಾಡುವ, ಭಸ್ಮ, ರಸ ಅಂತ ಹೆಸರಿರುವುದನ್ನು ಸುಮ್ನೆ ತಗೊಳ್ಳಬೇಡಿ. ಲೈಸೆನ್ಸ್ ನಂಬರು, ಬ್ಯಾಚ್ ನಂಬರು, ತಯಾರಾದ ತಾರೀಖು ಇದೆಯಾ ನೋಡಿ.

ಕಷಾಯ:
ಭಸ್ಮದ ಮಾತಿಗೆ ನಂದೂ ಒಪ್ಪಿಗೆ. ವಾತ ಪಿತ್ತದ ಜಗಳ ಇನ್ನೊಂದು ದಿನ ಆಡೋಣ.

ಹೊಸಬ:
ಈಗ ಡಬ್ಬಿ ತಿರುಗಿಸಿ ನೋಡಿದೆ. ಆ ಇನ್ನೆರಡು ಚೂರ್ಣದಲ್ಲಿ ಒಂದರ ಮೇಲೆ ಹೆಸರು ಬಿಟ್ಟರೆ ಏನೂ ಇಲ್ಲ, ಅದು ಕಸಕ್ಕೆ ಹೋಯಿತು. ಅಶ್ವಗಂಧ ಅಟ್ಟಕ್ಕೆ. ಟಿ.ಎಸ್.ಎಚ್. ಮಾಡಿಸಿ ಒಂದೂವರೆ ವರ್ಷ ಆಗಿದೆ, ನಾಳೆ ಹೋಗುತ್ತೇನೆ. ಇವತ್ತು ಊಟ 8ಕ್ಕೆ.